ಮುಚ್ಚಿದ ಕೊಳದ ಘಾಟು

ಮನೆಯೊಳಗೇ ಕಟ್ಟಿಸಿದ ಈಜುಕೊಳದ ಕೋಣೆಗೆ ಕಾಲಿಟ್ಟೊಡನೆ ಮೂಗಿಗೆ ಘಾಟು ಬಡಿದರೆ, ‘ಕ್ಲೋರಿನ್ ಧಾರಾಳವಾಗಿ ಹಾಕಿದ್ದಾರೆ, ನೀರು ಚೊಕ್ಕಟವಾಗಿದೆ’ ಎಂದುಕೊಳ್ಳುವವರೇ ಹೆಚ್ಚು. ನಿಜಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಆ ಘಾಟು ಕೆಲಸಕ್ಕೆ ಸಿದ್ಧವಿರುವ ಕ್ಲೋರಿನ್ನಿನದಲ್ಲ. ಬೆವರು, ಮೂತ್ರಗಳೊಡನೆ ಕೂಡಿ ಕಸುವು ಕಳೆದುಕೊಂಡ ಕ್ಲೋರಿನ್ನಿನದು. ನೀರಿಗೆ ಮದ್ದು ಹಾಕುವುದು ಬೇರೆ, ನೀರನ್ನು ಹದದಲ್ಲಿಡುವುದು ಬೇರೆ. ಇದನ್ನು ಅರಿಯಲು ರಸಾಯನಶಾಸ್ತ್ರಕ್ಕೇ ದೀರ್ಘಕಾಲ ಹಿಡಿಯಿತು.

ಈ ಹಸಿರುಹಳದಿ ಅನಿಲವನ್ನು ಮೊದಲು ಪಡೆದವನು ಸ್ವೀಡನ್ನಿನ ಔಷಧ ತಯಾರಕ ಕಾರ್ಲ್ ಷೀಲೆ, 1774ರಲ್ಲಿ. ಅದಕ್ಕೆ ಸಿಕ್ಕ ಮೊದಲ ಉದ್ಯೋಗ ಬಟ್ಟೆ ಬಿಳುಪು ಮಾಡುವುದು. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನಂಟ್ ಅದನ್ನು ಸುಣ್ಣದೊಡನೆ ಸೇರಿಸಿದ ಚಲುವೆ ಪುಡಿಗೆ ಹಕ್ಕುಪತ್ರ ಪಡೆದ. ನಮ್ಮ ಊರುಗಳಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೇ. ಬಟ್ಟೆಯಿಂದ ಊರಿನ ಕುಡಿಯುವ ನೀರಿಗೆ ಬರಲು ಅದಕ್ಕೆ ಇನ್ನೂ ನೂರು ವರ್ಷ ಬೇಕಾಯಿತು.

ಅದು ಬಂದ ಬಗೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಜರ್ಸಿ ಸಿಟಿಗೆ ನೀರು ಒದಗಿಸುತ್ತಿದ್ದ ಕಂಪನಿಯ ಮೇಲೆ, ನೀರು ಶುದ್ಧವಿಲ್ಲವೆಂದು ನಗರಸಭೆ ದಾವೆ ಹೂಡಿತ್ತು. ಕಂಪನಿಯ ಸಲಹೆಗಾರ ಡಾಕ್ಟರ್ ಜಾನ್ ಲೀಲ್, ಯಾರ ಅನುಮತಿಗೂ ಕಾಯದೆ, 1908ರ ಸೆಪ್ಟೆಂಬರಿನಲ್ಲಿ ಬೂಂಟನ್ ಜಲಾಶಯದ ನೀರಿಗೆ ಚಲುವೆ ಪುಡಿಯ ದ್ರಾವಣ ಬಿಡಿಸಿಯೇಬಿಟ್ಟ. ಜನರ ಕುಡಿಯುವ ನೀರಿಗೆ ವಿಷ ಬೆರೆಸಿದಂತಾಯಿತೆಂದು ಆಗ ಹಲವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ನ್ಯಾಯಾಲಯದಲ್ಲಿ ಲೀಲ್ ತನ್ನ ಮನೆಯವರಿಗೂ ಆ ನೀರು ಕೊಡಲು ಹಿಂಜರಿಯುವುದಿಲ್ಲವೆಂದ. 1910ರಲ್ಲಿ ತೀರ್ಪು ಆ ಕ್ರಮವನ್ನು ಒಪ್ಪಿತು. ಸುಮಾರು ಅದೇ ಹೊತ್ತಿಗೆ ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳದಲ್ಲೂ ಇದರ ಪ್ರಯೋಗ ನಡೆಯಿತು.

ಆದರೆ ಪುಡಿ ಎಷ್ಟು ಹಾಕಬೇಕೆನ್ನುವುದಕ್ಕಿಂತ, ಎಂಥ ನೀರಿಗೆ ಹಾಕುತ್ತೇವೆಂಬುದು ದೊಡ್ಡ ಪ್ರಶ್ನೆ. 1909ರಲ್ಲಿ ಕೋಪನ್‌ಹೇಗನ್ನಿನ ಸೊರೆನ್ಸೆನ್ ನೀರಿನ ಆಮ್ಲಗುಣವನ್ನು ಅಳೆಯುವ ಪಿಎಚ್ ಎಂಬ ಅಳತೆ ಕೊಟ್ಟ. ಆತ ದುಡಿಯುತ್ತಿದ್ದುದು ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ! ಕ್ಲೋರಿನ್ ನೀರಿಗೆ ಬಿದ್ದಾಗ ಹೈಪೋಕ್ಲೋರಸ್ ಆಮ್ಲ ಉಂಟಾಗುತ್ತದೆ. ರೋಗಾಣು ಕೊಲ್ಲುವ ಶಕ್ತಿ ಮುಖ್ಯವಾಗಿ ಅದರದು. ಪಿಎಚ್ 7.5ರ ಸುಮಾರಿನಲ್ಲಿ ಕ್ಲೋರಿನ್ನಿನ ಅರ್ಧದಷ್ಟು ಈ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಸುಮಾರು ಕಾಲುಭಾಗ ಮಾತ್ರ. ಚಲುವೆ ಪುಡಿಯೋ, ತಾನೇ ಪಿಎಚ್ ಏರಿಸುವಂಥದು. ಹಾಕಿದಷ್ಟೂ ಅದರ ಕೆಲಸ ಕುಂದುತ್ತದೆ. ಅದಕ್ಕೇ ಪಿಎಚ್ ಅನ್ನು 7.2ರಿಂದ 7.8ರೊಳಗೆ ಇಡಬೇಕೆನ್ನುತ್ತಾರೆ.

ಗಡಸುತನದ ಮಾತು ಬೇರೆ. 1936ರಲ್ಲಿ ಕ್ಯಾಲಿಫೋರ್ನಿಯದ ಲ್ಯಾಂಜಲಿಯರ್, ನೀರು ಕೊಳವೆಯಲ್ಲಿ ಸುಣ್ಣದ ಪದರ ಕಟ್ಟುವುದೋ ಅಥವಾ ಸುಣ್ಣವನ್ನು ಕರಗಿಸುವುದೋ ಎಂದು ಲೆಕ್ಕಹಾಕುವ ಸೂಚ್ಯಂಕ ರೂಪಿಸಿದ. ಕಾಸರಗೋಡಿನ ಮುರಕಲ್ಲು ನೆಲದ ಬಾವಿನೀರು ಮೆದು, ತುಸು ಆಮ್ಲೀಯ. ಹಾಗೆಯೇ ಕೊಳಕ್ಕೆ ತುಂಬಿದರೆ ಗಾರೆಯನ್ನು ತಿನ್ನುತ್ತದೆ. ಸೊಲ್ಲಾಪುರ, ಆದವಾನಿ ಕಡೆಯ ಗಡಸು ಬೋರ್‌ವೆಲ್ ನೀರು ಹೆಂಚಿನ ಮೇಲೆ ಬಿಳಿ ಕರೆ ಬಿಡುತ್ತದೆ. ಒಬ್ಬರ ಮನೆಯ ಅಳತೆ ಇನ್ನೊಬ್ಬರಿಗೆ ಒಗ್ಗದು.

ಇನ್ನು ಆ ಘಾಟಿಗೆ ಬರೋಣ. ಕ್ಲೋರಿನ್ ಮತ್ತು ನೈಟ್ರೋಜನ್ ಕೂಡಿದ ಸಂಯುಕ್ತವೊಂದನ್ನು 1811ರಲ್ಲಿ ಫ್ರಾನ್ಸಿನ ದ್ಯುಲಾಂಗ್ ತಯಾರಿಸಿದ್ದ. ಅದು ಸಿಡಿದು ಆತ ಒಂದು ಕಣ್ಣನ್ನೂ ಬೆರಳುಗಳನ್ನೂ ಕಳೆದುಕೊಂಡ. ಅದೇ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಕೊಳದ ಮೇಲಿನ ಗಾಳಿಗೆ ಸೇರುತ್ತದೆ; ಸಿಡಿಯುವುದಿಲ್ಲ, ಆದರೆ ಕಣ್ಣು ಉರಿಸುತ್ತದೆ, ಕೆಮ್ಮು ತರುತ್ತದೆ. ಬಯಲಿನ ಕೊಳದಲ್ಲಿ ಬಿಸಿಲೂ ಗಾಳಿಯೂ ಅದನ್ನು ನಿವಾರಿಸುತ್ತವೆ. ಸೂರಿನಡಿ ಆ ಸೌಲಭ್ಯವಿಲ್ಲ. ಕ್ಲೋರಿನ್ನನ್ನು ಬಿಸಿಲಿನಿಂದ ಕಾಯಲೆಂದು ಬೆರೆಸುವ ಸಯನ್ಯೂರಿಕ್ ಆಮ್ಲ ಇಲ್ಲಿ ಬೇಕಾಗಿಲ್ಲ. ಅದು ಕ್ಲೋರಿನ್ನಿನ ವೇಗವನ್ನೇ ತಗ್ಗಿಸುತ್ತದೆ. ಇಳಿಯುವ ಮುನ್ನ ಮೈ ತೊಳೆಯುವುದು, ಹೊಸ ನೀರು ಸೇರಿಸುವುದು, ಕೋಣೆಗೆ ಗಾಳಿ ಆಡಿಸುವುದು ಇವೇ ಹೆಚ್ಚು ಫಲಕಾರಿ.

1933ರಲ್ಲಿ, ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡಿದ್ದ ಅಧ್ಯಕ್ಷ ರೂಸ್‌ವೆಲ್ಟರಿಗಾಗಿ ಶ್ವೇತಭವನದಲ್ಲಿ ಜನರ ವಂತಿಗೆಯಿಂದ ಒಳಾಂಗಣ ಕೊಳವೊಂದು ಸಿದ್ಧವಾಯಿತು. 1970ರಲ್ಲಿ ನಿಕ್ಸನ್ ಅದರ ಮೇಲೆ ನೆಲ ಹಾಸಿಸಿ ಪತ್ರಕರ್ತರಿಗೆ ಕೋಣೆ ಮಾಡಿಸಿದರು. ಹಾಗೆ ಮುಚ್ಚಿಬಿಟ್ಟರೆ ಚಿಂತೆಯಿಲ್ಲ. ಕೊಳ ಉಳಿಸಿಕೊಂಡವರಿಗೆ ಒಂದು ಎಚ್ಚರ ಮಾತ್ರ: ಪಿಎಚ್ ಇಳಿಸುವ ಆಮ್ಲವನ್ನೂ ಚಲುವೆ ಪುಡಿಯನ್ನೂ ಎಂದಿಗೂ ಒಂದೇ ಬಕೆಟ್ಟಿಗೆ ಹಾಕಬೇಡಿ. ಏಳುವುದು ಷೀಲೆ ಕಂಡ ಅನಿಲವೇ; 1915ರ ಏಪ್ರಿಲಿನಲ್ಲಿ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದೂ ಅದೇ.