ಭಕ್ಷ್ಯದ ಮೇಲಣ ಹೂವು

ಓದುಗರೇ, ಕೇಕಿನ ವಿಷಯದಲ್ಲಿ ಕನ್ನಡ ಪಂಡಿತನೊಬ್ಬ ಬರೆಯುವಂಥದೇನಿದೆ ಎಂದು ನಿಮಗೆ ನಗು ಬಂದೀತು. ಬರಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಈಗ ಪಾಯಸದ ಪಕ್ಕದಲ್ಲಿ ಕೇಕೂ ಬಂದು ಕುಳಿತಿದೆ. ಅದರ ಮೇಲಿದ್ದ ಸಕ್ಕರೆಯ ಹೂವು ಹೋಗಿ ಅಂಗಳದ ಹಸಿ ಹೂವು ಏರುತ್ತಿದೆ. ಹೋದ ಮಳೆಗಾಲದಲ್ಲಿ ಸಿದ್ದಾಪುರದ ಸಮೀಪದ ನೆಂಟರ ಮನೆಗೆ ಹೋಗಿದ್ದೆ. ಆ ಮನೆಯ ಹುಡುಗಿ ತಾನೇ ಬೇಯಿಸಿದ ಕೇಕಿನ ಸುತ್ತ, ಬೇಲಿಯಿಂದ ಕಿತ್ತು ತಂದ ಗೌರಿ ಹೂಗಳನ್ನು ತೊಟ್ಟು ಸಮೇತ ಸಿಕ್ಕಿಸಿದ್ದಳು. ಉರಿಯ ನಾಲಗೆಯಂಥ ಕೆಂಪು ಹಳದಿ ಎಸಳುಗಳು. ಕಣ್ಣಿಗೆ ಹಬ್ಬವೇ ಸರಿ. ಒಳಗಿನಿಂದ ಬಂದ ಅಜ್ಜಿ ಮಾತಾಡದೆ ಕೇಕನ್ನೆತ್ತಿಕೊಂಡು ಹಿತ್ತಿಲಿಗೆ ನಡೆದು, ದನಕ್ಕೂ ಸಿಗದಂತೆ ಗುಂಡಿ ತೋಡಿಸಿ ಮುಚ್ಚಿಸಿದರು. ಹುಡುಗಿ ಅತ್ತಳು. ಮನೆಯವರು ಅಜ್ಜಿಯ ಮೇಲೆ ಸಿಡಿಮಿಡಿಗೊಂಡರು. ಅಜ್ಜಿ ನನ್ನ ಕಡೆ ತಿರುಗಿ, “ತಮಾ, ಅದರ ಗೆಡ್ಡೆ ತಿಂದ ದನ ಬದುಕಿದ್ದನ್ನ ಆನು ಕಂಡಿದ್ನಿಲ್ಲೆ” ಎಂದರು.

ಅಜ್ಜಿ ಶಾಲೆಗೆ ಹೋದವರಲ್ಲ. ಅಮರಕೋಶದ ವನೌಷಧಿ ವರ್ಗವನ್ನು ಬಾಯಿಪಾಠ ಮಾಡಿದ ನಾನು ಮಾತ್ರ ಆ ಹೂವನ್ನು ನೋಡಿ ಸುಮ್ಮನೆ ಸಂತೋಷಪಟ್ಟಿದ್ದೆ! ಲಾಂಗಲಿಕೀ, ಅಗ್ನಿಶಿಖಾ ಎಂದು ಅಮರಸಿಂಹನು ಹೇಳಿದ ಬಳ್ಳಿ ಅದೇ. ವೈದ್ಯನಿಘಂಟಿನಲ್ಲಿ ಅದಕ್ಕೆ ‘ಗರ್ಭನುತ್’ ಎಂದೂ ಹೆಸರುಂಟು. ಗರ್ಭವನ್ನು ಕೆಡಹುವುದು ಎಂದರ್ಥ. ಅದರಲ್ಲಿರುವ ವಿಷಕ್ಕೆ ಇಂದಿನ ರಸಾಯನಶಾಸ್ತ್ರಜ್ಞರು ಕಾಲ್ಚಿಸಿನ್ ಎನ್ನುತ್ತಾರೆ. ಗೌರಿ ಎಂಬ ಮಂಗಳನಾಮದಲ್ಲಿ ಈ ಎಚ್ಚರಿಕೆ ಮರೆಯಾಗಿಬಿಟ್ಟಿತು.

ಹಳಬರು ಗಿಡಕ್ಕೆ ಹೆಸರಿಡುವಾಗ ಒಂದು ಚೀಟಿ ಕಟ್ಟಿಯೇ ಬಿಡುತ್ತಿದ್ದರೆಂದು ನನಗೆ ತೋರುತ್ತದೆ. ಕಣಗಿಲೆಯನ್ನು ನೋಡಿ. ಸಂಸ್ಕೃತದಲ್ಲಿ ಅದು ಕರವೀರ. ಅದಕ್ಕೆ ಅಮರ ಕೊಡುವ ಇನ್ನೊಂದು ಹೆಸರು ಹಯಮಾರಕ, ಕುದುರೆಯನ್ನು ಕೊಲ್ಲುವುದು. ಉಮ್ಮತ್ತಿಯೋ ‘ಉನ್ಮತ್ತ’ದ ತದ್ಭವ, ತಿಂದವನ ಗತಿಯನ್ನು ಹೆಸರೇ ಹೇಳುತ್ತದೆ. ಅಮೆರಿಕ ಖಂಡದಿಂದ ಬಂದ ಗಿಡಗಳಿಗೆ ಈ ಕೋಶಗಳಲ್ಲಿ ಹೆಸರಿಲ್ಲ. ಆದರೂ ನಮ್ಮ ಜನ ಒಂದು ಜಾಣತನ ತೋರಿದರು. ಒಡೆದರೆ ಹಾಲು ಸುರಿಸುವ ಆ ಹೊಸಬರಲ್ಲಿ ಒಂದನ್ನು ಹಳದಿ ಕಣಗಿಲೆ ಎಂದರು, ಇನ್ನೊಂದನ್ನು ದೇವಕಣಗಿಲೆ ಎಂದರು. ಸಸ್ಯಶಾಸ್ತ್ರವೂ ಈ ಮೂರನ್ನು ಒಂದೇ ಕುಟುಂಬಕ್ಕೆ ಸೇರಿಸುತ್ತದೆ.

ಆಹಾರದಲ್ಲಿ ಹೂವು ಹೊಸದೇನೂ ಅಲ್ಲ. ಬಿರಿದ ಮಲ್ಲಿಗೆಯನ್ನು ಕಂಡರೆ ಬನವಾಸಿಯನ್ನು ನೆನೆಯುವ ಪಂಪನ ಕಾವ್ಯ 941ರದು. ಆ ಬನವಾಸಿ ಇಂದಿನ ಶಿರಸಿ ತಾಲೂಕಿನಲ್ಲಿದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡುಗೆ, ಸುಗಂಧದ್ರವ್ಯ, ವಿಷಚಿಕಿತ್ಸೆ ಮೂರೂ ಒಂದೇ ಹೊತ್ತಗೆಯೊಳಗೆ ಕೂಡಿವೆ; ಈ ನೆರೆಹೊರೆ ನನಗೆ ಬಹಳ ಮೆಚ್ಚಿಗೆಯಾದದ್ದು. ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಎಂದರೆ 1130ರ ಆಸುಪಾಸಿನಲ್ಲಿ, ಪಾದರಿ, ಸಂಪಿಗೆ, ನೈದಿಲೆಗಳಿಂದ ಕುಡಿಯುವ ನೀರಿಗೆ ಕಂಪೇರಿಸುವ ಮಾತಿದೆ. ಅರಮನೆಯ ಮಾತು ಹಾಗಿರಲಿ, ನಮ್ಮ ಮಲೆನಾಡಿನ ಅಡುಗೆಮನೆಗೆ ಬನ್ನಿ. ಬಾಳೆಯ ಹೂವಿನ ಪಲ್ಯ, ನುಗ್ಗೆಯ ಹೂವು, ಕುಂಬಳದ ಹೂವು, ದಾಸವಾಳ, ಕುಸುಮಾಲೆಯ ತಂಬುಳಿ. ತಿನ್ನುವ ಹೂವಿನ ಪಟ್ಟಿ ನಾಲಗೆಯ ಮೇಲೆಯೇ ಇತ್ತು. ಮುಡಿಯುವ ಹೂವು ಬೇರೆ, ಪೂಜೆಯ ಹೂವು ಬೇರೆ, ಉಣ್ಣುವ ಹೂವು ಬೇರೆ.

ಈ ಗೆರೆ ಎಷ್ಟು ಬೇಗ ಅಳಿಸಿಹೋಗುತ್ತದೆಂಬುದಕ್ಕೆ ನೆರೆಯ ಕೇರಳದ ಸಂಗತಿ ಸಾಕ್ಷಿ. 2024ರಲ್ಲಿ ಅಲ್ಲಿ ಕಣಗಿಲೆಯ ಎಲೆ ಹೂಗಳನ್ನು ಅಗಿದದ್ದೇ ಕಾರಣವೆಂದು ಹೇಳಲಾದ ಒಂದು ತರುಣಿಯ ಸಾವು ಸಂಭವಿಸಿತು. ಆ ಮೇ ತಿಂಗಳಿನಲ್ಲಿಯೇ ತಿರುವಾಂಕೂರು ದೇವಸ್ವಂ ಬೋರ್ಡು ತನ್ನ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಕಣಗಿಲೆ ಬೇಡವೆಂದು ತೀರ್ಮಾನಿಸಿತು. ಕಣಗಿಲೆಯ ವಿಷ ಹೃದಯದ ಬಡಿತವನ್ನೇ ಕೆಡಿಸತಕ್ಕದ್ದು. ಎಲೆ, ಹೂವು, ಕಾಂಡ ಎಲ್ಲದರಲ್ಲಿಯೂ ಉಂಟು. ಒಣಗಿಸಿದರೂ ಕುದಿಸಿದರೂ ಹೋಗದು. ದೇವರ ಪಾದಕ್ಕೆ ಸಲ್ಲುವ ಹೂವು ಪ್ರಸಾದದ ಬಟ್ಟಲಿಗೆ ಸಲ್ಲದು.

ಕೇಕಿನ ಕಥೆಯಾದರೋ ಈಚಿನದು. ನಮ್ಮ ಪಡುವಣ ಕರಾವಳಿಯಲ್ಲಿ 1883ರ ಕ್ರಿಸ್‌ಮಸ್ಸಿಗೆ ತಲಶ್ಶೇರಿಯ ಮಾಂಬಳ್ಳಿ ಬಾಪು ಎಂಬವರು ಮೊದಲು ಬೇಯಿಸಿದರೆಂದು ಪ್ರತೀತಿ. ಹಸಿ ಹೂವಿನ ಶೃಂಗಾರಕ್ಕೆ ದೊಡ್ಡ ಮನೆಗಳ ಮೇಲ್ಪಂಕ್ತಿಯೂ ಉಂಟು. 2018ರಲ್ಲಿ ಇಂಗ್ಲೆಂಡಿನ ರಾಜಕುಮಾರ ಹ್ಯಾರಿಯ ಮದುವೆಯ ಕೇಕಿಗೆ ಗುಲಾಬಿ, ಪಿಯೊನಿ ಹೂಗಳನ್ನು ಮುಡಿಸಿದ್ದರು. ಪೇಟೆಯ ಹೂವಿನಂಗಡಿಯಲ್ಲಿ ‘ಜಿಪ್ಸಿ’ ಎಂದು ಮಾರುವ ಬಿಳಿಯ ಪುಟ್ಟ ಹೂವು ಈಗ ಕೇಕಿನ ಮೇಲೆಲ್ಲ ಕಾಣುತ್ತದೆ. ಹೊಟ್ಟೆ ಕೆಡಿಸುವ ನೊರೆಗುಣದ ಪದಾರ್ಥ ಅದರಲ್ಲಿದೆ. ಅದಕ್ಕೆ ಚೀಟಿ ಕಟ್ಟಿದವರು ಯಾರೂ ಇಲ್ಲ. ಗುಲಾಬಿ ತಿನ್ನತಕ್ಕದ್ದೇ ಹೌದು, ಆದರೆ ಅಂಗಡಿಯ ಗುಲಾಬಿಗೆ ಕೀಟನಾಶಕ ಹೊಡೆದಿರುತ್ತಾರೆ. ಅಂಗಳದ್ದೇ ಇರಲಿ ಎಂದರೂ ಒಂದು ಮಾತಿದೆ. ಮೈಸೂರಿನ ಸಸ್ಯರೋಗತಜ್ಞ ಕೋಲ್ಮನ್ 1910ರಲ್ಲಿ ಅಡಕೆಯ ಕೊಳೆರೋಗದ ಮೇಲೆ ಬರೆದರು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ನಮ್ಮ ತೋಟಿಗರು ಇಂದಿಗೂ ಮಳೆಗಾಲದಲ್ಲಿ ಹೊಡೆಯುತ್ತಾರೆ. ತೋಟದಂಚಿನ ದಾಸವಾಳದ ಮೇಲೂ ಅದು ಬಿದ್ದಿರುತ್ತದೆ!

ಮರುದಿನ ಹುಡುಗಿ ಹೊಸ ಕೇಕು ಮಾಡಿದಳು. ಅಜ್ಜಿ ಬಾವಿಕಟ್ಟೆಯ ಬಳಿಯ ಕೆಂಪು ದಾಸವಾಳವನ್ನು ತಾವೇ ಕೊಯ್ದು, ಇರುವೆ ಕೊಡವಿ, ತೊಳೆದು ಆರಿಸಿ, ತೊಟ್ಟು ಕೇಸರಗಳನ್ನು ತೆಗೆದು, ಎಸಳುಗಳನ್ನು ಮಾತ್ರ ಅವಳ ಕೈಗಿತ್ತರು. ನಡುವೆ ಒಂದು ಗುಲಾಬಿ ಬೇಕೇಬೇಕೆಂದು ಹುಡುಗಿ ಹಟ ಹಿಡಿದಳು, ಅದು ಪೇಟೆಯದು. ಅಜ್ಜಿ ಬಾಳೆ ಎಲೆಯ ಒಂದು ಚೂರನ್ನು ದುಂಡಗೆ ಕತ್ತರಿಸಿ ಕೇಕಿನ ಮೇಲಿಟ್ಟು, ಗುಲಾಬಿಯನ್ನು ಅದರ ಮೇಲೆ ಕೂರಿಸಿದರು. ಕೇಕು ಕತ್ತರಿಸುವ ಮೊದಲು ಎಲೆ ಸಮೇತ ಎತ್ತಿ ಕಿಟಕಿಯ ಮೇಲಿಟ್ಟದ್ದನ್ನೂ ನಾನು ನೋಡಿದೆ.