ಆಪರೇಷನ್ ಮಾಡುವ ವೈದ್ಯರ ಅರ್ಹತೆಯನ್ನು ಆಸ್ಪತ್ರೆ ಪರಿಶೀಲಿಸುವುದು ಹೇಗೆ?

ಪದವಿ ಇದೆ, ರಾಜ್ಯ ವೈದ್ಯಕೀಯ ಮಂಡಳಿಯ ನೋಂದಣಿಯೂ ಇದೆ. ಅಷ್ಟಕ್ಕೇ ವೈದ್ಯರೊಬ್ಬರು ಆಸ್ಪತ್ರೆಯಲ್ಲಿ ಯಾವ ಶಸ್ತ್ರಚಿಕಿತ್ಸೆ ಬೇಕಾದರೂ ಮಾಡಬಹುದೇ? ಎನ್‌ಎಬಿಎಚ್ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಮಾಡುವಂತಿಲ್ಲ. ನೋಂದಣಿ ಎಂಬುದು ವೃತ್ತಿ ನಡೆಸಲು ಸಿಗುವ ಪರವಾನಗಿ ಮಾತ್ರ.

ಮೊದಲ ಹಂತ ಕ್ರೆಡೆನ್ಷಿಯಲಿಂಗ್. ಪದವಿ, ತರಬೇತಿ, ಅನುಭವ, ನೋಂದಣಿ ನಿಜವೇ ಎಂದು ನೋಡುವುದು. ಜೆರಾಕ್ಸ್ ಪ್ರತಿ ಪಡೆದು ಫೈಲಿಗೆ ಸೇರಿಸಿದರೆ ಸಾಲದು, ಪ್ರಮಾಣಪತ್ರ ಕೊಟ್ಟ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳಬೇಕು. ಎರಡನೆಯದು ಪ್ರಿವಿಲೆಜಿಂಗ್. ಈ ವೈದ್ಯರು ಇಲ್ಲಿ ಯಾವ ಯಾವ ಚಿಕಿತ್ಸೆ ಮಾಡಬಹುದು ಎಂಬ ಪಟ್ಟಿ ಇದು. ಹೊಟ್ಟೆ ತೆರೆದು ಪಿತ್ತಕೋಶ ತೆಗೆಯಬಲ್ಲ ಸರ್ಜನ್‌ಗೆ ಅದನ್ನೇ ಲ್ಯಾಪ್ರೊಸ್ಕೋಪಿಯಲ್ಲಿ ಮಾಡಲು ಬೇರೆಯೇ ತರಬೇತಿಯ ದಾಖಲೆ ಕೇಳಬಹುದು.

ಅರ್ಹತೆಯ ಗೆರೆ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈನ ಪ್ರಕರಣವೊಂದು ಸಾಕ್ಷಿ. ಹೋಮಿಯೋಪಥಿ ವೈದ್ಯರೊಬ್ಬರು ಅಲೋಪಥಿ ಔಷಧ ಕೊಟ್ಟಿದ್ದರು, ರೋಗಿ ಮೃತಪಟ್ಟರು. ಅದು ನಿರ್ಲಕ್ಷ್ಯವೇ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ಪೀರ್ ರಿವ್ಯೂ, ಅಂದರೆ ವೈದ್ಯರ ಕೆಲಸವನ್ನು ಅದೇ ವಿಭಾಗದ ಸಹವೈದ್ಯರು ಪರಿಶೀಲಿಸುವುದು. ಸಾವು ಸಂಭವಿಸಿದಾಗ, ಅನಿರೀಕ್ಷಿತ ತೊಡಕು ಉಂಟಾದಾಗ ಕೇಸ್ ಶೀಟ್ ಮುಂದಿಟ್ಟುಕೊಂಡು ಚರ್ಚೆ ನಡೆಯುತ್ತದೆ. ಆದರೆ ಪರಿಶೀಲಿಸುವವರು ಆಪ್ತರಾದರೆ ತಪ್ಪು ಮುಚ್ಚಿಹೋಗಬಹುದು, ಪ್ರತಿಸ್ಪರ್ಧಿಗಳಾದರೆ ಸೇಡಿನ ಅಸ್ತ್ರವಾಗಬಹುದು. ಎರಡನೆಯದು ಕಲ್ಪನೆಯಲ್ಲ. ಅಮೆರಿಕದ ಓರೆಗಾನ್ ರಾಜ್ಯದ ಅಸ್ಟೋರಿಯಾದಲ್ಲಿ ಸರ್ಜನ್ ಒಬ್ಬರು ಊರಿನ ಕ್ಲಿನಿಕ್‌ನ ಪಾಲುದಾರಿಕೆ ಬೇಡವೆಂದು ಸ್ವಂತ ಪ್ರಾಕ್ಟೀಸ್ ಆರಂಭಿಸಿದರು. ಊರಿನ ಏಕೈಕ ಆಸ್ಪತ್ರೆಯಲ್ಲಿ ಅವರ ಮೇಲೆ ಪೀರ್ ರಿವ್ಯೂ ಶುರುವಾಯಿತು. ಅದರ ಹಿಂದಿದ್ದವರು ಅದೇ ಕ್ಲಿನಿಕ್‌ನ ವೈದ್ಯರು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಜನ್ ಪರ ತೀರ್ಪು ನೀಡಿತು. ಅಷ್ಟರೊಳಗೆ, 1986ರಲ್ಲಿ, ಪ್ರಾಮಾಣಿಕವಾಗಿ ಪರಿಶೀಲಿಸುವ ವೈದ್ಯರಿಗೆ ರಕ್ಷಣೆ ಕೊಡುವ ಕಾನೂನು ಬಂದಿತ್ತು. ಅದರಡಿ 1990ರಲ್ಲಿ ಶುರುವಾದ ರಾಷ್ಟ್ರೀಯ ಡೇಟಾ ಬ್ಯಾಂಕ್‌ನಲ್ಲಿ ವೈದ್ಯರ ವಿರುದ್ಧದ ಶಿಸ್ತುಕ್ರಮಗಳು ದಾಖಲಾಗುತ್ತವೆ. ಆಸ್ಪತ್ರೆಗಳು ಅದನ್ನು ನೋಡಬಹುದು, ಜನಸಾಮಾನ್ಯರಿಗೆ ಮಾತ್ರ ಅವಕಾಶವಿಲ್ಲ!

ಭಾರತದಲ್ಲಿ ನ್ಯಾಯಾಲಯವೂ ಸಹವೈದ್ಯರ ಮಾತಿಗೆ ಬೆಲೆ ಕೊಡುತ್ತದೆ. ಮತ್ತೊಬ್ಬ ಸಮರ್ಥ ವೈದ್ಯರ ಅಭಿಪ್ರಾಯದ ಬೆಂಬಲವಿಲ್ಲದೆ ನಿರ್ಲಕ್ಷ್ಯದ ಖಾಸಗಿ ಕ್ರಿಮಿನಲ್ ದೂರನ್ನು ಸ್ವೀಕರಿಸಬಾರದು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ.

ರೋಗಿಯ ಕೈಯಲ್ಲಿ ಏನಿದೆ? 2002ರ ವೈದ್ಯಕೀಯ ನೀತಿಸಂಹಿತೆಯ ಪ್ರಕಾರ ಪ್ರಿಸ್ಕ್ರಿಪ್ಷನ್ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ರೋಗಿ ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು.