ಇಸಿಲದಿಂದ ಚಳ್ಳಕೆರೆಗೆ: ಒಂದು ದಾರಿಯ ಕಥೆ
(ಬಾನುಲಿ ಭಾಷಣ)

ದಾರಿಗೂ ಒಂದು ಚರಿತ್ರೆಯುಂಟೆ ಎಂದು ಕೇಳುವವರಿದ್ದಾರೆ. ಅರಸರಿಗೆ ಶಾಸನಗಳಿವೆ, ಗುಡಿಗಳಿಗೆ ಸ್ಥಳಪುರಾಣಗಳಿವೆ. ದಿನವೂ ತುಳಿಸಿಕೊಳ್ಳುವ ದಾರಿಯ ಕಥೆಯನ್ನು ಬರೆದಿಟ್ಟವರು ಯಾರು? ಆದರೆ ನಾನು ಹುಟ್ಟಿ ಬೆಳೆದ ಚಳ್ಳಕೆರೆ–ಮೊಳಕಾಲ್ಮುರು ಸೀಮೆಗೆ ಅಕ್ಷರವೇ ದಾರಿ ಹಿಡಿದು ಬಂದದ್ದು.

1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ಆಜ್ಞೆಗೆ ಮೊದಲು ಆರೋಗ್ಯದ ವಿಚಾರಣೆಯಿದೆ. ಬರೆದವನು ಚಪಡನೆಂಬ ಲಿಪಿಕಾರ. ಉದ್ದಕ್ಕೂ ಬ್ರಾಹ್ಮಿಯಲ್ಲಿ ಬರೆದು ಬಂದವನು, ತನ್ನ ವೃತ್ತಿಯನ್ನು ಹೇಳುವ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಖರೋಷ್ಠಿಯಾದರೋ ವಾಯವ್ಯ ಭಾರತದ ಲಿಪಿ. ಅಷ್ಟು ದೂರದ ವಿದ್ಯೆಯೊಂದು ನಮ್ಮ ಜಾಲಿಯ ಬಯಲಿಗೆ ಬಂದು ಕಲ್ಲಿನಲ್ಲಿ ನಿಂತಿತೆಂದರೆ, ನಡುವೆ ದಾರಿಯಿದ್ದಿರಲೇಬೇಕಲ್ಲವೆ? 1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಅವರಿಗೆ, ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಕಂಡಂಥದೇ ಗೆರೆಯಲಂಕಾರದ ಮಡಕೆಚೂರುಗಳು ದೊರೆತವು. ಕಡಲಕರೆಯ ಸರಕೂ ಇಲ್ಲಿಗೆ ಬರುತ್ತಿತ್ತು.

ಇಂದಿನ ಹೆದ್ದಾರಿಯನ್ನು ಹಿಡಿದು ಬಳ್ಳಾರಿ, ಸಿರುಗುಪ್ಪ, ಸಿಂಧನೂರುಗಳನ್ನು ದಾಟಿದರೆ ಮಸ್ಕಿ ಸಿಗುತ್ತದೆ. 1915ರಲ್ಲಿ ಅಲ್ಲಿ ದೊರೆತ ಶಾಸನದಿಂದಲೇ ದೇವಾನಾಂಪ್ರಿಯನೆಂದರೆ ಅಶೋಕನೆಂಬುದು ನಿಶ್ಚಯವಾದದ್ದು. ಇಂದಿನ ಡಾಂಬರು ಅಂದಿನ ಜಾಡಿನ ಮೇಲೆಯೇ ಬಿದ್ದಿದೆಯೆಂದು ನಾನು ಸಾಧಿಸಹೊರಟಿಲ್ಲ. ಒಂದೇ ಮಾತನ್ನು ಹೊತ್ತ ಕಲ್ಲುಗಳು ಒಂದೇ ಹೆದ್ದಾರಿಯ ಆಸುಪಾಸಿನಲ್ಲಿವೆ ಎಂಬುದಷ್ಟೇ ನನ್ನ ಸಂತೋಷ.

ಮುಂದೆ ಈ ಬಯಲು ಅಮೃತಮಹಲ್ ದನಗಳ ಕಾವಲಾಯಿತು. ಮ್ಯಾಸ ನಾಯಕರ ದೇವರೆತ್ತುಗಳ, ಕಾಡುಗೊಲ್ಲರ ಕುರಿಮಂದೆಗಳ ನೆಲೆಯಾಯಿತು. ಮಂದೆಯ ಹಾದಿ ಹುಲ್ಲು ನೀರುಗಳನ್ನು ಅರಸಿ ಹೋಗುತ್ತದೆ. ಸರ್ಕಾರದ ರಸ್ತೆ ಕಚೇರಿಯಿಂದ ಕಚೇರಿಗೆ ಹೋಗುತ್ತದೆ. ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ, ಎಂದರೆ 1834ರಿಂದ 1861ರವರೆಗೆ, ಮೈಸೂರು ಸೀಮೆಯಲ್ಲಿ ಸುಮಾರು 1600 ಮೈಲಿಗಳ ರಸ್ತೆ ನಿರ್ಮಾಣವಾಯಿತು. ಆದರೂ ಮೊಳಕಾಲ್ಮುರು ಮೂಲೆಯ ತಾಲ್ಲೂಕಾಗಿಯೇ ಉಳಿಯಿತು. ಅದರಾಚೆಯ ಬಳ್ಳಾರಿ ಮದರಾಸು ಆಧಿಪತ್ಯಕ್ಕೆ ಸೇರಿತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ಪಕ್ಕದ ರಾಯದುರ್ಗ ಆಂಧ್ರಕ್ಕೆ ಹೋಯಿತು. ಗಡಿಯ ರಸ್ತೆ ನಾಡಿನೊಳಗಿನ ರಸ್ತೆಯಾದದ್ದು ಆಗ. ಬೀದರನ್ನು ಶ್ರೀರಂಗಪಟ್ಟಣಕ್ಕೆ ಕೂಡಿಸುವ ರಾಜ್ಯ ಹೆದ್ದಾರಿ ನಮ್ಮೂರ ಮುಂದೆಯೇ ಹಾದುಹೋಯಿತು.

ಈ ದಾರಿಯ ಮೇಲಿನ ತಳಕು ಗ್ರಾಮವನ್ನು ನೆನೆಯದೆ ಕನ್ನಡದ ಅಧ್ಯಾಪಕನೊಬ್ಬ ಮುಂದೆ ಹೋಗುವಂತಿಲ್ಲ. ಟಿ. ಎಸ್. ವೆಂಕಣ್ಣಯ್ಯನವರ ಊರು ಅದು, ತ. ರಾ. ಸು. ಅವರ ಮನೆತನದ ಊರೂ ಹೌದು. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ ಗುರು ನಡೆದ ನೆಲವೆಂದು, ಬಸ್ಸು ತಳಕನ್ನು ದಾಟುವಾಗಲೆಲ್ಲ ನಾನು ಕಿಟಕಿಯಿಂದ ಒಮ್ಮೆ ಹೊರಗೆ ನೋಡುತ್ತೇನೆ.

ನಾನು ಬಾಲ್ಯದಲ್ಲಿ ಕಂಡದ್ದು ಶೇಂಗಾ ಬಂಡಿಗಳ ದಾರಿ. ಚಳ್ಳಕೆರೆ ಎಣ್ಣೆಯ ಊರು. ಸುಗ್ಗಿಯಲ್ಲಿ ಬೆಳಗಿನ ಮಂಡಿಗೆ ಮುಟ್ಟಬೇಕೆಂದು ಬಂಡಿಗಳು ರಾತ್ರಿಯೇ ಹೊರಡುತ್ತಿದ್ದವು. ಕಂಬಳಿ ಹೊದ್ದ ರೈತ ಮೂಟೆಗಳ ಮೇಲೆ ತೂಕಡಿಸುತ್ತಿದ್ದ, ಎತ್ತುಗಳಿಗೆ ದಾರಿ ಗೊತ್ತಿತ್ತು. 1970ರ ದಶಕದ ಆರಂಭದ ಒಂದು ರಾತ್ರಿ, ಕಿರುಸೇತುವೆಯೊಂದರ ಮೇಲೆ, ಹಿಂದಿನಿಂದ ಬಂದ ಲಾರಿಯೊಂದು ನಮ್ಮ ದೊಡ್ಡಪ್ಪನವರ ಬಂಡಿಗೆ ಬಡಿಯಿತು. ಎಡದ ಎತ್ತು ಅಲ್ಲಿಯೇ ಸತ್ತಿತು. ದೊಡ್ಡಪ್ಪ ಕೊನೆಯವರೆಗೂ ಕುಂಟುತ್ತಲೇ ನಡೆದರು. ಲಾರಿಯವನನ್ನು ಅವರು ಬೈದುದನ್ನು ನಾನು ಕೇಳಲಿಲ್ಲ. "ಇಬ್ಬರಿಗೂ ಹಿಡಿಸುವಷ್ಟು ದಾರಿ ಇರಲಿಲ್ಲ ಕಣಪ್ಪ" ಎನ್ನುತ್ತಿದ್ದರು. ಆಮೇಲೆ ಮನೆಯ ಬಂಡಿಯ ಹಿಂದೆ ಕೆಂಪು ಬಳಿದ ತಗಡೊಂದನ್ನು ಹೊಡೆದರು. ನಮ್ಮ ಮನೆಯ ಮಟ್ಟಿಗೆ ರಸ್ತೆಯ ಸುರಕ್ಷತೆ ಎಂದರೆ ಆ ತಗಡೇ.

ರೈಲು ನಮ್ಮ ಕಡೆಗೆ ಬಂದದ್ದು ಬಹು ತಡವಾಗಿ. ಅಲ್ಲಿಯವರೆಗೆ ಶೇಂಗಾ, ಹಿಂಡಿ, ಕಂಬಳಿ, ಮೊಳಕಾಲ್ಮುರಿನ ರೇಷ್ಮೆ ಸೀರೆ, ಎಲ್ಲಕ್ಕೂ ಈ ರಸ್ತೆಯೇ ಗತಿ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಅದಿರಿಗೆ ಬೆಲೆ ಬಂದಾಗ ಕೆಂಪು ಧೂಳಿನ ಲಾರಿಗಳು ಸಾಲುಗಟ್ಟಿದವು. ಡಾಂಬರು ಕಿತ್ತುಹೋಯಿತು, ಬದಿಯ ಬೇವಿನೆಲೆ ಕೆಂಪಾಯಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಸಾಲು ಕರಗಿತು. ಆದರೆ ರಸ್ತೆ ಸಾಲದೆಂಬ ಪಾಠವನ್ನು ಅದು ಕಲಿಸಿ ಹೋಗಿತ್ತು.

ಈಗ ಇದು ರಾಷ್ಟ್ರೀಯ ಹೆದ್ದಾರಿ 150ಎ. ಈಚಿನ ವರ್ಷಗಳಲ್ಲಿ ಹಿರಿಯೂರಿನಿಂದ ಚಳ್ಳಕೆರೆಯ ಮೇಲೆ ಬಳ್ಳಾರಿಯ ಕಡೆಗೆ ಇದನ್ನು ನಾಲ್ಕು ಪಥಗಳಿಗೆ ಹಿಗ್ಗಿಸುವ ಕೆಲಸವನ್ನು ಕೈಗೊಂಡರು. ಚಳ್ಳಕೆರೆಗೆ ಹೊರಗಿನಿಂದ ಬೈಪಾಸನ್ನೂ ಯೋಜಿಸಿದರು. ಇದರ ನ್ಯಾಯ ಸರಳವಾದದ್ದು. ಎರಡೇ ಪಥದ ರಸ್ತೆಯಲ್ಲಿ ಮುಂದಿನ ಗಾಡಿಯನ್ನು ಹಿಂದೆ ಹಾಕಬೇಕಾದರೆ ಎದುರು ಬರುವವನ ಪಾಲಿನ ದಾರಿಗೆ ನುಗ್ಗಬೇಕು. ಮುಖಾಮುಖಿ ಡಿಕ್ಕಿಗಳು ಹುಟ್ಟುವುದು ಅಲ್ಲಿ. ನಡುವೆ ವಿಭಜಕ ಬಂದರೆ ಆ ಭಯ ಬಹುಮಟ್ಟಿಗೆ ಹೋಗುತ್ತದೆ. ದೂರದ ಲಾರಿ ಬೈಪಾಸು ಹಿಡಿದರೆ ನೆಹರು ವೃತ್ತದಲ್ಲಿ ಶಾಲೆಯ ಮಗು ನಿರಾಳವಾಗಿ ದಾಟೀತು. ಇದನ್ನು ಬೇಡವೆನ್ನುವ ಬಾಯಿ ನನಗಿಲ್ಲ. ದೊಡ್ಡಪ್ಪನ ಕುಂಟುಕಾಲನ್ನು ಕಂಡವನು ನಾನು.

ಆದರೂ ಮೊನ್ನೆ ಊರಿಗೆ ಹೋದಾಗ ಒಂದು ನೋಟ ಮನಸ್ಸಿಗೆ ನಾಟಿತು. ಕುರಿಗಳನ್ನು ಹೊಡೆದುಕೊಂಡು ಬಂದ ಮುದುಕಿಯೊಬ್ಬಳು ವಿಭಜಕದ ಮೇಲೆ ನಿಂತಿದ್ದಳು. ಅರ್ಧ ಮಂದೆ ಆಚೆ, ಅರ್ಧ ಈಚೆ. "ಕೆಳದಾರಿ ಇಲ್ಲವೇನಮ್ಮಾ?" ಎಂದೆ. "ಐತಪ್ಪ, ಅಗೋ ಅಷ್ಟು ದೂರದಾಗೆ. ಕುರಿಗೇನು ಗೊತ್ತು?" ಎಂದಳು. ಅದೇ ದೂರವನ್ನು ಉಳಿಸಲೆಂದು ಬೈಕಿನ ಹುಡುಗನೊಬ್ಬ ಎದುರು ದಿಕ್ಕಿನಲ್ಲೇ ಬರುತ್ತಿದ್ದ. ಹಳೆಯ ಅಪಾಯವೊಂದನ್ನು ನೀಗಿಸಿದ ರಸ್ತೆ ಹೊಸದೊಂದನ್ನು ತಂದಿತ್ತು. ಉದ್ದಕ್ಕೆ ಹೋಗುವವನ ವೇಗವನ್ನು ಲೆಕ್ಕಹಾಕಿದಷ್ಟು ಕಾಳಜಿಯಿಂದ, ಅಡ್ಡ ದಾಟುವವನ ನಡಿಗೆಯನ್ನೂ ಲೆಕ್ಕಹಾಕಬೇಕು. ಮಂದೆ ದಾಟುವ ಎಡೆಗಳನ್ನು ಕುರಿಗಾಹಿಗಳೂ ಕಿಲಾರಿಗಳೂ ಬಲ್ಲರು. ಅವರನ್ನು ಕೇಳಿ ಕೆಳದಾರಿ ಮಾಡಿದರೆ ಅವಮಾನವೇನೂ ಆಗದು.

ಅಶೋಕನು ತನ್ನ ಬೇರೆ ಶಾಸನಗಳಲ್ಲಿ, ದಾರಿಗಳಲ್ಲಿ ಮರ ನೆಡಿಸಿದೆ, ಬಾವಿ ತೋಡಿಸಿದೆ ಎನ್ನುತ್ತಾನೆ. ಮನುಷ್ಯರಿಗೂ ಪಶುಗಳಿಗೂ ಎಂದು ಸೇರಿಸುತ್ತಾನೆ. ಬ್ರಹ್ಮಗಿರಿಯ ಕಲ್ಲು ತಾಯಿತಂದೆಯರ ಸೇವೆಯ ಜೊತೆಗೆ ಪ್ರಾಣಿದಯೆಯನ್ನೂ ಸತ್ಯವನ್ನೂ ಹೇಳುತ್ತದೆ. ರಸ್ತೆ ಅಗಲವಾಗಲಿ, ವೇಗವೂ ಬರಲಿ. ದೊಡ್ಡಪ್ಪ ಹೇಳಿದಂತೆ ಅದು ಇಬ್ಬರಿಗೂ ಹಿಡಿಸುವ ದಾರಿಯಾಗಲಿ. ಬಂಡಿಯವನು ಹೋದ, ಆ ಮುದುಕಿ ಇನ್ನೂ ರಸ್ತೆಯ ನಡುವೆ ನಿಂತಿದ್ದಾಳೆ.